ಪೀರ್‌ಸಾಬನ ಬೀಡಿನ ಪುಡಿ

ಸಿಂಧನೂರಿನ ಪೀರ್‌ಸಾಬ್ ಲೇಥ್ ಮಷಿನ್ ಇಟ್ಟುಕೊಂಡು ಮೂವತ್ತು ವರ್ಷದ ಮೇಲಾಯಿತು. ಟ್ರ್ಯಾಕ್ಟರಿನ ಆಕ್ಸಲ್, ಪಂಪಿನ ಶಾಫ್ಟ್ ಕಡೆಯುವುದೇ ಹೆಚ್ಚಿನ ಕೆಲಸ. ಕಡೆಯುವಾಗ ಉದುರುವ ಕಬ್ಬಿಣದ ಚೂರು ಗುಜರಿಗೆ ಹೋಗುತ್ತಿತ್ತು. ಹೋದ ಬೇಸಿಗೆಯಲ್ಲಿ ಅದನ್ನೇ ಕೇಳಿಕೊಂಡು ಲಿಂಗಸುಗೂರಿನ ಶಿವರಂಜನಿ ಬಂದಳು. ನೀರಿನಲ್ಲಿ ಸೇರಿದ ವಿಷ ತೆಗೆಯುವ ಬಗ್ಗೆ ಆಕೆ ಸಂಶೋಧನೆ ಮಾಡುತ್ತಿದ್ದಳು.

ಜವಳಗೇರಾದ ಹತ್ತಿರ ಪಾಳುಬಿದ್ದ ಒಂದು ಕ್ರಿಮಿನಾಶಕ ಗೋದಾಮಿತ್ತು. ಅಲ್ಲಿ ಚೆಲ್ಲಿದ್ದ ಬಿಎಚ್‌ಸಿ ಎಂಬ ಕೀಟನಾಶಕದ ಪುಡಿ, ನಿಷೇಧವಾಗಿ ಇಷ್ಟು ವರ್ಷವಾದರೂ ನಾಶವಾಗದೆ ಪಕ್ಕದ ಬಾವಿಗೆ ಇಳಿಯುತ್ತಿತ್ತು. ಆ ವಿಷಕ್ಕೆ ಅಂಟಿದ ಕ್ಲೋರಿನ್ ಅನ್ನು ಕಬ್ಬಿಣ ಕಿತ್ತುಹಾಕುತ್ತದೆ, ಕಬ್ಬಿಣಕ್ಕೆ ಪಲ್ಲಾಡಿಯಮ್ ಎಂಬ ಲೋಹವನ್ನು ಚೂರೇ ಚೂರು ಸವರಿದರೆ ಕೆಲಸ ಬೇಗ ಆಗುತ್ತದೆ ಎಂದು ಆಕೆ ಬಿಡಿಸಿ ಹೇಳಿದಳು. ಪೀರ್‌ಸಾಬ್ ಎರಡು ಚೀಲ ಚೂರು ತುಂಬಿಕೊಟ್ಟ.

ಬಾವಿಯ ನೀರನ್ನು ಆ ಚೂರು ತುಂಬಿದ ಡ್ರಮ್ಮಿನ ಮೂಲಕ ಹಾಯಿಸಿ ತಿಂಗಳು ಕಳೆದರೂ ವಿಷ ಇಳಿಯಲಿಲ್ಲ. ತನ್ನ ಲೆಕ್ಕವೇ ತಪ್ಪಿತೇನೋ ಎಂದುಕೊಂಡ ಶಿವರಂಜನಿ ಪೀರ್‌ಸಾಬನನ್ನು ಕರೆದೊಯ್ದು ಡ್ರಮ್ಮು ತೋರಿಸಿದಳು. ಅವನು ಒಂದು ಹಿಡಿ ಚೂರು ತೆಗೆದು ಬೆರಳಲ್ಲಿ ತಿಕ್ಕಿದ. ಜಾರುತ್ತಿತ್ತು.

"ಎಣ್ಣಿ ಐತ್ರಿ ಮೇಡಂ. ಕಬ್ಬಿಣಕ್ಕ ನೀರೇ ಮುಟ್ಟಿಲ್ಲ. ಬೀಡು, ಅಂದ್ರ ಎರಕದ ಕಬ್ಬಿಣ, ಕಡೀವಾಗ ನಾವು ಎಣ್ಣಿ ಹಾಕಂಗಿಲ್ಲ, ಒಣಾ ಪುಡಿ ಬೀಳತೈತಿ. ಅದನ್ನ ಹಾಕಿ ನೋಡ್ರಿ."

ಮೊದಲೇ ಇದನ್ನು ಹೇಳಬೇಕಿತ್ತು ಎಂದು ಅವನಿಗೆ ನಾಚಿಕೆಯಾಯಿತು. ಮಸ್ಕಿಯ ಗಿರಣಿಯೊಂದರಿಂದ ಬಂದಿದ್ದ ಹಳೆಯ ಬೀಡಿನ ಚಕ್ರಗಳನ್ನು ಮೂರು ದಿನ ಕಡೆದು, ಪುಡಿಗೆ ತುಕ್ಕು ಹಿಡಿಯದಂತೆ ಡಬ್ಬಿಗಳ ಬಾಯಿ ಬಿಗಿದು ತಾನೇ ಬೈಕಿನಲ್ಲಿ ಒಯ್ದ. ಶಿವರಂಜನಿ ಅದಕ್ಕೆ ಪಲ್ಲಾಡಿಯಮ್ ಸವರಿ ಡ್ರಮ್ಮು ತುಂಬಿದಳು.

ಆರು ವಾರಕ್ಕೆ ವರದಿ ಬಂತು. ಡ್ರಮ್ಮಿನಿಂದ ಹೊರಬೀಳುವ ನೀರಿನಲ್ಲಿ ವಿಷ ಹತ್ತರಲ್ಲಿ ಒಂದು ಪಾಲಿಗೆ ಇಳಿದಿತ್ತು. ಕುಡಿಯಲು ಅದೂ ಆಗದು, ಮಣ್ಣಿಗೆ ಸೇರಿದ ವಿಷ ತೆಗೆಯುವ ಕೆಲಸ ಬೇರೆ ಉಳಿದಿದೆ ಎಂದಳು ಶಿವರಂಜನಿ.

ಆ ದಿನ ಪೀರ್‌ಸಾಬ್ ಗೋದಾಮಿನ ಬಾಗಿಲ ಕಡೆ ನೋಡುತ್ತ ನಿಂತುಬಿಟ್ಟ. ಏನಾಯಿತೆಂದು ಆಕೆ ಕೇಳಿದಳು.

"ಹದಿನೆಂಟು ವರ್ಷದಾವ ಇದ್ದಾಗ ಇಲ್ಲೇ ಹಮಾಲಿ ಮಾಡೀನ್ರಿ. ಈ ಪುಡಿ ಚೀಲ ಬರೇ ಮೈಲೇ ಹೊತ್ತೀನಿ. ಚೀಲ ಹರದು ಬಿದ್ದದ್ದನ್ನ ಕೈಲೇ ಬಳದು ಬಾವಿ ಕಡೆ ಚೆಲ್ಲಿದಾವರೂ ನಾವ."

ಆಗ ಯಾರಿಗೂ ಗೊತ್ತಿರಲಿಲ್ಲವಲ್ಲ ಚಾಚಾ, ಎಂದಳು ಶಿವರಂಜನಿ. ಅವನು, ಉಳಿದ ವಿಷ ಇಳಿಸಲು ಎರಡನೆಯ ಡ್ರಮ್ಮು ಎಲ್ಲಿ ಕೂರಿಸಬೇಕೆಂದು ಕೇಳಿ ಅಳತೆ ತೆಗೆದುಕೊಂಡ.