ಹೆಪ್ಪು ಹಾಕಿದ ಕಂಪ್ಯೂಟರ್

ಕೊಳ್ಳೇಗಾಲ, ಯಳಂದೂರಿನ ಹಾಲಿನ ಸೊಸೈಟಿಗಳ ಕಂಪ್ಯೂಟರುಗಳಿಗೆಲ್ಲ ನಾನು ಆಫೀಸಿನಲ್ಲಿ ಕೂತೇ ಹೊಸ ಆಪರೇಟಿಂಗ್ ಸಿಸ್ಟಮ್ ಹಾಕಿ ಮುಗಿಸಿದ್ದೆ. ಮಾರ್ಟಳ್ಳಿ ಕಡೆಯದೊಂದು ಮಾತ್ರ ತಿಂಗಳುಗಟ್ಟಲೆ ‘ಆಮೇಲೆ’ ಅನ್ನುತ್ತಲೇ ಇತ್ತು. ಹೋಗಿ ನೋಡಿದರೆ, ಆ ‘ಆಮೇಲೆ’ ಒತ್ತುತ್ತಿದ್ದವರು ಸೆಕ್ರೆಟರಿ ಮಾದಮ್ಮ.

“ಜನ ಆಲು ಆಕೋ ಒತ್ಗೇ ಸರಿಯಾಗಿ ‘ಈಗ್ಲಾ, ಆಮೇಲಾ’ ಅಂತ ಕೇಳ್ತದೆ ಸಾ, ಏನ್ಮಾಡನ?” ಅಂದರು.

ಮಧ್ಯಾಹ್ನವೇ ಶುರು ಮಾಡಿದೆ. ಐದಕ್ಕೆ ಜನ ಕ್ಯಾನು ಹಿಡಿದು ಬರುವಷ್ಟರಲ್ಲಿ ಮುಗಿಯಬೇಕಿತ್ತು. ಮೂವತ್ತೈದು ಪರ್ಸೆಂಟಿಗೆ ನಿಂತೇಬಿಟ್ಟಿತು. ಪರದೆಯಲ್ಲಿ ಚುಕ್ಕಿಗಳು ಸುತ್ತುತ್ತಿದ್ದವು. ಹಾಲಿನ ವಾಸನೆ, ಕಿಟಕಿಯ ಬಿಸಿಲು, ಹೊರಗಿನ ಬೇವಿನ ಮರ ಎಲ್ಲವೂ ಅವುಗಳ ಜೊತೆ ಮೆಲ್ಲಗೆ ಸುತ್ತತೊಡಗಿದವು. ತಡೆಯಲಾರದೆ ಪವರ್ ಬಟನ್ನಿಗೆ ಕೈ ಹಾಕಿದೆ.

“ಆಲ್ಗೆ ಎಪ್ಪಾಕ್ಬುಟ್ಟು ಯಾರಾರ ಅಲ್ಲಾಡಿಸ್ತಾರಾ ಸಾ? ಸುಮ್ಕಿರಿ!” ಮಾದಮ್ಮ ಗದರಿ, ಹಾಲು ಸೋಸುವ ಬಿಳಿ ಬಟ್ಟೆಯನ್ನು ಪರದೆಗೆ ಮುಚ್ಚಿದರು. ನಾನು ಅದರ ಎದುರೇ ನಿದ್ದೆಹೋದೆ.

ಕ್ಯಾನುಗಳ ಸದ್ದಿಗೆ ಎಚ್ಚರವಾಯಿತು. ಬಟ್ಟೆ ಸರಿಸಿದರೆ ಹೊಸ ಸಿಸ್ಟಮ್ ತಣ್ಣಗೆ ಕಾದು ಕೂತಿತ್ತು.

ಮುಂದಿನ ಅಪ್‌ಗ್ರೇಡಿಗೆ ಎಲ್ಲ ಸೊಸೈಟಿಗಳಿಗೂ ಕಳಿಸಿದ ಸೂಚನೆಯಲ್ಲಿ ‘ಪರದೆಗೆ ಬಟ್ಟೆ ಮುಚ್ಚತಕ್ಕದ್ದು’ ಎಂದು ಸೇರಿಸಿದೆ. ಯಾಕೆ ಅಂತ ಕೇಳಿದವರು ನಮ್ಮ ಮ್ಯಾನೇಜರ್ ಒಬ್ಬರೇ. ಪಾಪ, ಅವರ ಮನೆಗೆ ಬರುವುದು ಪ್ಯಾಕೆಟ್ ಮೊಸರು.