ಕೇಕು ಕೂತ ಕಾರು

"ಈ ಇಂಜಿನ್ ಪೆಟ್ರೋಲಿನ ವಾಸನೆ ನೋಡ್ಕೊಂಡೇ ಓಡುತ್ತೆ, ತಿಳ್ಕೋ" ಎಂದು ಕನ್ನಡಕದಂಗಡಿಯ ಯಜಮಾನ ಹೆಂಡತಿಗೆ ಹೇಳಿ ಬಾಯಿ ಮುಚ್ಚುವಷ್ಟರಲ್ಲಿ, ಹೊಸ ಟರ್ಬೊ ಕಾರು ನಾಲ್ಕು ರಸ್ತೆ ಕೂಡುವಲ್ಲಿ ಎರಡು ಸಲ ಕೆಮ್ಮಿ ನಿಂತುಬಿಟ್ಟಿತು. ವಾಸನೆಯೂ ಮುಗಿದಿತ್ತು. ಪೆಟ್ರೋಲ್ ಮುಳ್ಳಿನ ಪಕ್ಕದ ಕೆಂಪು ದೀಪ ಬೆಳಗಿನಿಂದಲೇ ಉರಿಯುತ್ತಿತ್ತು ನಿಜ. ಆದರೆ ಕಂಪನಿಯವರು ಲೀಟರಿಗೆ ಇಪ್ಪತ್ತು ಕಿಲೋಮೀಟರ್ ಎಂದು ಅಚ್ಚು ಹಾಕಿಸಿರುವಾಗ ಒಂದು ಪುಟಾಣಿ ದೀಪದ ಮಾತು ಕೇಳುವ ಆಸಾಮಿ ಅವನಲ್ಲ.

ಹಿಂದೆ ಬಂದು ನಿಂತ ಬಿಳಿ ಕಾರಿನಿಂದ ಇಳಿದವಳು ಅವನ ಸ್ವಂತ ಅಕ್ಕ. ಅವಳು ತನ್ನ ಕಾರನ್ನು ಮುಂದೆ ತಂದು, ಹಗ್ಗ ಕಟ್ಟಿ, ತಮ್ಮನನ್ನು ಪೆಟ್ರೋಲ್ ಬಂಕಿನವರೆಗೆ ಎಳೆದುಕೊಂಡು ಹೋದಳು. ಅವಳ ಡಿಕ್ಕಿಯಲ್ಲಿ ಯಾರಿಗೋ ಮುಟ್ಟಿಸಬೇಕಾದ ಕೇಕಿತ್ತು, ಹಾಗಾಗಿ ಮೆರವಣಿಗೆ ನಡಿಗೆಯ ವೇಗದಲ್ಲಿ ಸಾಗಿತು. ರಸ್ತೆಯ ಎರಡೂ ಬದಿಯ ಗಿರಾಕಿಗಳು ಅವನೇ ಕೊಟ್ಟ ಕನ್ನಡಕ ಹಾಕಿಕೊಂಡು ಎಲ್ಲವನ್ನೂ ಸ್ಪಷ್ಟವಾಗಿ ನೋಡಿದರು.

ಬಂಕಿನಲ್ಲಿ ಹೆಂಡತಿ ತೀರ್ಪು ಕೊಟ್ಟಳು. "ಭಾನುವಾರ ಟ್ಯಾಂಕ್ ತುಂಬಿಸಿ ಗುಡ್ಡದ ಆಚೆ ಹೋಗಿಬರೋಣ. ವಾಪಸ್ ಬಂದು ಮತ್ತೆ ತುಂಬಿಸೋಣ. ಲೀಟರಿಗೆ ಹದಿನೈದು ಬರದಿದ್ರೆ ಕಾರು ಮಾರಿ, ಹಳೇ ಸ್ಕೂಟರ್ ಒರೆಸ್ಕೊಳ್ಳಿ."

ಈ ಕಾರಿಗಾಗಿ ಕಾದೂ ಕಾದೂ ಅವನ ಅರ್ಧ ತಲೆ ಬೆಳ್ಳಗಾಗಿ, ಇನ್ನರ್ಧ ಖಾಲಿಯಾಗಿತ್ತು. ಕಾಲೊತ್ತಿದಾಗ ಟರ್ಬೊ 'ಸುಯ್' ಎನ್ನುವುದೇ ಅವನಿಗೆ ಸಂಗೀತ. ಆ ಸಂಗೀತ ಕೇಳುತ್ತ ಕೇಳುತ್ತ ಮೈಲೇಜು ಹನ್ನೊಂದಕ್ಕೆ ಬಂದು ಕೂತಿತ್ತು.

ಅವನ ಹೊಟ್ಟೆ ಉರಿಯಲು ಇನ್ನೊಂದು ಕಾರಣವಿತ್ತು. ಅಕ್ಕನದೂ ಅದೇ ಕಾರು, ಅದೇ ಇಂಜಿನ್ನು, ಅವನೇ ದುಂಬಾಲು ಬಿದ್ದು ಕೊಡಿಸಿದ್ದು. ಅದು ಮಾತ್ರ ಹತ್ತೊಂಬತ್ತು ಕೊಡುತ್ತಿತ್ತು. ತನಗೆ ಕೆಟ್ಟ ಇಂಜಿನ್ ಅಂಟಿಸಿದ್ದಾರೆಂದು ಷೋರೂಮಿಗೆ ಹೋಗಿ ಜಗಳ ತೆಗೆದಿದ್ದ. ಮೆಕ್ಯಾನಿಕ್ ಸಮಾಧಾನವಾಗಿ ಹೇಳಿದ್ದ: "ಸಾರ್, ಇದು ಚಿಕ್ಕ ಇಂಜಿನ್ನು. ಮೆಲ್ಲಗೆ ಒತ್ತಿದ್ರೆ ಚಿಕ್ಕದರ ಹಾಗೇ ಕುಡಿಯುತ್ತೆ. ಜೋರಾಗಿ ಒತ್ತಿದ್ರೆ ಟರ್ಬೊ ಗಾಳಿ ತುರುಕುತ್ತೆ, ಅಷ್ಟು ಗಾಳಿಗೆ ಅಷ್ಟೇ ಪೆಟ್ರೋಲ್ ಬೇಡ್ವಾ? ಗಾಡೀನ ಮನೆಗೆ ತಗೊಂಡ್ಹೋಗಿ, ನಿಮ್ಮ ಬಲಗಾಲು ಮಾತ್ರ ಇಲ್ಲಿ ಬಿಟ್ಟು ಹೋಗಿ. ರಿಪೇರಿ ಮಾಡಿಡ್ತೀವಿ."

ಅಕ್ಕನ ಕಾಲಿನ ಕಥೆಯೇ ಬೇರೆ. ಭಾವ ಕೇಕು ಮಾಡುತ್ತಾರೆ, ಅಕ್ಕ ಮುಟ್ಟಿಸುತ್ತಾಳೆ; ಸೈಕಲ್ಲಿನ ಕಾಲದಿಂದ ಅವರ ಸಂಸಾರ ಹೀಗೇ ನಡೆದಿದೆ. ದೂರದ ಸಿಗ್ನಲ್ ಕೆಂಪಾದರೆ ಸಾಕು, ಇಲ್ಲಿಂದಲೇ ಕಾಲು ತೆಗೆಯುತ್ತಾಳೆ. ಕಾರು ತಾನಾಗಿ ತೆವಳಿ ಅಲ್ಲಿಗೆ ಹೋಗುವಷ್ಟರಲ್ಲಿ ದೀಪ ಹಸಿರಾಗಿರುತ್ತದೆ. ಮಲಗಿದ ಮಗುವನ್ನು ತೊಟ್ಟಿಲಿಗೆ ಇಳಿಸುವಂತೆ ತಿರುವು ತೆಗೆಯುತ್ತಾಳೆ. ಕೇಕು ಇಳಿಸಿದ ಮೇಲೂ ಅದೇ ನಡಿಗೆ. ಬಸ್ ಡ್ರೈವರುಗಳು ಅವಳಿಗೆ ಆಮೆ ಎಂದು ಹೆಸರಿಟ್ಟಿದ್ದಾರೆ. ಅವರು ಹಾರ್ನ್ ಹೊಡೆದರೆ ನಮಸ್ಕಾರ ಹೇಳಿದರೆಂದು ತಿಳಿದು ಕೈ ಎತ್ತುತ್ತಾಳೆ.

ಭಾನುವಾರ ಟ್ಯಾಂಕ್ ತುಂಬಿಸಿ ಹೊರಡಬೇಕು, ಅಷ್ಟರಲ್ಲಿ ಅಕ್ಕ ಬಂಕಿಗೇ ಆಟೋದಲ್ಲಿ ಬಂದಿಳಿದಳು. ಕೈಯಲ್ಲಿ ಮೂರು ಅಂತಸ್ತಿನ ಕೇಕು.

"ನನ್ನ ಗಾಡಿ ಪಂಕ್ಚರ್. ಹೇಗೂ ಗುಡ್ಡದ ಆಚೆ ಹೋಗ್ತಿದ್ದೀರಲ್ಲ, ಇದನ್ನ ಅಲ್ಲಿನ ಹೋಟೆಲಿಗೆ ಮುಟ್ಟಿಸಿಬಿಡು. ಸಕ್ಕರೆ ಗುಲಾಬಿ ಮಾಡೋಕೆ ನಿಮ್ಮ ಭಾವ ಎರಡು ದಿನ ಕೂತಿದ್ದಾರೆ. ಒಂದು ಎಸಳು ಉದುರಿದ್ರೂ ನಿಮ್ಮ ಮನೆಗೆ ಬಂದು ತಿಂಗಳು ಕೂರ್ತಾರೆ."

ಭಾವ ಕೂರುವುದೆಂದರೆ ಏನೆಂದು ಅವನಿಗೆ ಗೊತ್ತಿತ್ತು. ಅವನ ಬಲಗಾಲು ಜನ್ಮದಲ್ಲಿ ಮೊದಲ ಬಾರಿಗೆ ವಿನಯ ಕಲಿಯಿತು. ಉಬ್ಬು ಕಂಡರೆ ಉಸಿರು ಬಿಗಿಹಿಡಿದ. ಲಾರಿ ಹಿಂದಿಕ್ಕುವ ಆಸೆಯನ್ನು ನುಂಗಿಕೊಂಡ. ಒಬ್ಬ ಸೈಕಲ್ ಸವಾರ ಇವರನ್ನು ದಾಟಿ ಹೋಗುತ್ತ ಕನಿಕರದಿಂದ ತಿರುಗಿ ನೋಡಿದ. 'ಸುಯ್' ಒಮ್ಮೆಯೂ ಕೇಳಿಸಲಿಲ್ಲ. ಗುಲಾಬಿಗಳು ಎಸಳೂ ಮುಕ್ಕಾಗದೆ ಹೋಟೆಲ್ ಸೇರಿದವು.

ಈಗ ಖಾಲಿ ಕಾರು, ಮುಂದೆ ಉದ್ದನೆಯ ನುಣುಪು ರಸ್ತೆ. ಅವನ ಕಾಲು ತುರಿಸತೊಡಗಿತು. ಹೆಂಡತಿ ಅದನ್ನು ಗಮನಿಸಿ ಹಿಂದಿನ ಸೀಟಿಗೆ ಹೋಗಿ ಕೂತಳು.

"ವಾಪಸ್ ಹೋಗೋವಾಗ ನಾನೇ ಕೇಕು ಅಂದ್ಕೊಳ್ಳಿ."

"ಎಷ್ಟು ಅಂತಸ್ತಿಂದು?"

"ಮುಂದೆ ನೋಡಿ ಓಡಿಸಿ."

ಅವನು ಓಡಿಸಿದ. ಮೂರನೇ ತಿರುವು ದಾಟುವಷ್ಟರಲ್ಲಿ ಹಿಂದಿನಿಂದ ಗೊರಕೆ ಕೇಳಿಸಿತು. ಮದುವೆಯಾದಂದಿನಿಂದ ಅವನು ಓಡಿಸುವ ಗಾಡಿಯಲ್ಲಿ ಬಾಗಿಲ ಹಿಡಿಯನ್ನೇ ಹಿಡಿದು ಕೂತವಳು ಆ ದಿನ ಕಾಲು ಚಾಚಿ ನಿದ್ದೆ ಹೊಡೆದಳು. ಬಂಕಿನಲ್ಲಿ ಮತ್ತೆ ಟ್ಯಾಂಕ್ ತುಂಬಿಸಿ ಲೆಕ್ಕ ಹಾಕಿದರೆ ಹದಿನೆಂಟು. ಅವನು ಕಾರಿನ ಸುತ್ತ ಕುಣಿದ. ಬಂಕಿನವನು ಗಾಬರಿಯಾಗಿ ಪೆಟ್ರೋಲ್ ಪೈಪನ್ನು ಎತ್ತಿ ದೂರ ಇಟ್ಟ.

"ಇರ್ಲಿ ಬಿಡಿ ಕಾರು" ಎಂದಳು ಹೆಂಡತಿ ಆಕಳಿಸುತ್ತ. "ಆದರೆ ಇನ್ಮೇಲೆ ನಾನು ಕೂರೋದು ಹಿಂದೆನೇ."

ಸಂಜೆ ಅವನು ಸಂಭ್ರಮದಿಂದ ಅಕ್ಕನ ಮನೆಗೆ ಓಡಿದ. ಅವಳು ನೆಲದ ಮೇಲೆ ಕೂತು ಮರುದಿನದ ಕೇಕಿನ ಡಬ್ಬ ಮಡಿಸುತ್ತಿದ್ದಳು. ಎಲ್ಲವನ್ನೂ ಹೇಳಿ ಮುಗಿಸಿದ ಮೇಲೆ, ಆ ಬೆಳಗಿನಿಂದ ತಲೆ ಕೊರೆಯುತ್ತಿದ್ದುದನ್ನು ಕೇಳಿಯೇಬಿಟ್ಟ.

"ಅಲ್ಲ ಅಕ್ಕ, ಟರ್ಬೊನ ಎಬ್ಬಿಸೋದೇ ಇಲ್ಲ ಅನ್ನೋ ಹಾಗಿದ್ರೆ, ನಾನು ಹೇಳಿದೆ ಅಂತ ಆ ಕಾರನ್ನೇ ಯಾಕೆ ತಗೊಂಡೆ?"

ಅಕ್ಕ ಡಬ್ಬದ ಮೂಲೆಯನ್ನು ಉಗುರಿನಿಂದ ತೀಡಿದಳು.

"ಡಿಕ್ಕಿ ಅಗಲ ಇತ್ತು."