ಅಂಗನವಾಡಿ ಮಿಸ್ಸಿನ ಎಡಗಿವಿ

ಮೊನ್ನೆ ಬಟ್ಟೆ ನೆನೆಹಾಕುವ ಮುಂಚೆ ನಾದಿನಿಯ ಮಗನ ಚಡ್ಡಿ ಜೇಬು ತಡಕಿದೆ. ಸಣ್ಣದೊಂದು ಈರುಳ್ಳಿ ಸಿಕ್ಕಿತು. ಮಗುವಿಗೆ ಬಿಸಿಲು ಹೊಡೆಯದಿರಲೆಂದು ಅತ್ತೆ ಇಟ್ಟಿದ್ದರು. ಬೆವರಿನಲ್ಲಿ ಬಾಡಿ ಮೆತ್ತಗಾಗಿದ್ದ ಅದರ ಘಾಟು ಮೂಗಿಗೇರಿತು. ಒಳಗೆ ಟಿವಿಯಲ್ಲಿ, ದಕ್ಷಿಣ ಒಳನಾಡಿನಲ್ಲಿ ಇನ್ನೂ ಮೂರು ದಿನ ಬಿಸಿಲು ಏರಲಿದೆ, ಸಂಜೆ ಅಲ್ಲಲ್ಲಿ ಗುಡುಗು ಸಹಿತ ಮಳೆ ಬರಬಹುದು ಎನ್ನುತ್ತಿದ್ದರು. ನನಗೆ ಮಿಸ್ ನೆನಪಾದರು...

ಆಗ ನಾವು ನಂಜನಗೂಡಿಗೆ ಬಂದಿರಲಿಲ್ಲ. ಸೋಸಲೆ ಹತ್ತಿರದ ಹಳ್ಳಿಯಲ್ಲಿದ್ದೆವು. ನನ್ನ ಮಗಳಿಗೆ ನಾಲ್ಕು ವರ್ಷ. ಅಲ್ಲಿನ ಅಂಗನವಾಡಿ ಟೀಚರನ್ನು ಊರಿಗೆ ಊರೇ ಮಿಸ್ ಎನ್ನುತ್ತಿತ್ತು. ಬೇಸಿಗೆ ಶುರುವಾದರೆ ಅವರು ಹನ್ನೊಂದು ಮಕ್ಕಳ ಜೇಬಿಗೂ ಒಂದೊಂದು ಈರುಳ್ಳಿ ಹಾಕಿಡುತ್ತಿದ್ದರು. ತಗಡಿನ ಶೀಟಿನ ಕೆಳಗೆ ಮಕ್ಕಳು ಬೇಯುತ್ತವೆಂದು ಹೊಂಗೆಮರದ ನೆರಳಲ್ಲಿ ಕೂರಿಸುತ್ತಿದ್ದರು. ಮೋಡ ಕಂಡರೆ ಮಾತ್ರ ಒಂದು ಮಗುವನ್ನೂ ಹೊರಗೆ ಬಿಡುತ್ತಿರಲಿಲ್ಲ.

ನಮಗೆ ಅದೇ ಸಿಟ್ಟು. ನಾಲ್ಕು ಗಂಟೆಗೆ ಕೆಲಸ ಬಿಟ್ಟು ಓಡಿ ಬಂದರೆ ಮಿಸ್ ಬಾಗಿಲಿಗೆ ಅಡ್ಡ ನಿಂತು, "ಮೋಡ ಕಟ್ತಾ ಅದೆ ಕಣಮ್ಮ, ಒಂದರ್ಗಂಟೆ ತಡೀರಿ" ಎನ್ನುತ್ತಿದ್ದರು. ಎಷ್ಟೋ ದಿನ ಒಂದು ಹನಿಯೂ ಬೀಳುತ್ತಿರಲಿಲ್ಲ. ಕೊನೆಗೆ ನಾವು ಐದಾರು ತಾಯಂದಿರು ಸೇರಿ ಮೇಲ್ವಿಚಾರಕಿಗೆ ಅರ್ಜಿ ಕೊಟ್ಟೆವು. ಮಕ್ಕಳನ್ನು ಬಯಲಲ್ಲಿ ಕೂರಿಸುತ್ತಾರೆ, ಹೊತ್ತಿಗೆ ಸರಿಯಾಗಿ ಬಿಡುವುದಿಲ್ಲ ಎಂದು. ಎಸ್ಸೆಸ್ಸೆಲ್ಸಿ ಓದಿದವಳೆಂದು ಬರೆದವಳು ನಾನೇ. ಅಷ್ಟು ಸಾಲದೆ ಮಗಳಿಗೂ ಹೇಳಿಕೊಟ್ಟಿದ್ದೆ, "ಮಿಸ್ ಬಿಡ್ನಿಲ್ಲ ಅಂದ್ರೆ ನೀನೇ ಮೆತ್ತಗೆ ಎದ್ದು ಬಂದ್ಬುಡು."

ಅರ್ಜಿ ಹೋಗಿ ನಾಲ್ಕು ದಿನವಾಗಿತ್ತು. ಆವತ್ತು ಬೆಳಗಿನಿಂದ ಗಾಳಿಯೇ ಇರಲಿಲ್ಲ. ನಾನು ಹಿಪ್ಪುನೇರಳೆ ತೋಟದಲ್ಲಿ ಸೊಪ್ಪು ಕೊಯ್ಯುತ್ತಿದ್ದೆ. ಮೂರೂವರೆ ಸುಮಾರಿಗೆ ನೋಡನೋಡುತ್ತಲೇ ಕಪ್ಪಾಯಿತು. ಗಾಳಿ ಎಷ್ಟು ಜೋರಾಗಿ ನುಗ್ಗಿತೆಂದರೆ ಕೊಯ್ದ ಸೊಪ್ಪೆಲ್ಲ ಹಾರಿಹೋಯಿತು. ಕುಡುಗೋಲು ಅಲ್ಲೇ ಬಿಟ್ಟು ಓಡಿದೆ. ಅಂಗನವಾಡಿ ಮುಂದೆ ಬಂದು ನೋಡಿದರೆ ಶೀಟೇ ಇರಲಿಲ್ಲ. ಅದು ಹಾರಿ ರಸ್ತೆಯಲ್ಲಿ ಬಿದ್ದಿತ್ತು. ಒಳಗೆ ಒಂದು ಮಗುವೂ ಇರಲಿಲ್ಲ.

ಎದುರಿಗಿದ್ದ ಹಾಲಿನ ಡೈರಿಯಿಂದ ಯಾರೋ ಕೂಗಿದರು. ಅದಕ್ಕೆ ತಾರಸಿಯಿತ್ತು. ಗಾಳಿ ಏಳುವ ಮುಂಚೆಯೇ ಮಿಸ್ ಮಕ್ಕಳನ್ನೆಲ್ಲ ಅಲ್ಲಿಗೆ ದಾಟಿಸಿದ್ದರು. ಓಡಿಹೋಗಿ ಒಂದೊಂದೇ ಮುಖ ನೋಡಿದೆ. ಹತ್ತು ಮಕ್ಕಳಿದ್ದವು. ನನ್ನ ಮಗಳಿರಲಿಲ್ಲ, ಮಿಸ್ಸೂ ಇರಲಿಲ್ಲ.

"ದಾಟಿಸೋವಾಗ ನಿನ್ ಮಗ್ಳು ಕಣ್ತಪ್ಪಿಸ್ಕೊಂಡ್ ಓಗ್ಬುಟ್ಟವ್ಳೆ ಕಣವ್ವ. ಮಿಸ್ಸು ಅವ್ಳನ್ನ ಉಡಿಕ್ಕಂಡು ಓಡುದ್ರು," ಎಂದಳು ಆಯಾ.

ನಾನೂ ಮನೆಯ ದಾರಿ ಹಿಡಿದು ಓಡಿದೆ. ಕಾಲುವೆಯ ಏರಿ ಹತ್ತುತ್ತಿದ್ದಂತೆ ಕಣ್ಣು ಕುಕ್ಕುವ ಬೆಳಕು, ಅದರ ಬೆನ್ನಿಗೇ ಎದೆ ಒಡೆಯುವಂಥ ಸದ್ದು. ಪಕ್ಕದ ಗದ್ದೆಯ ತೆಂಗಿನಮರದ ಸುಳಿ ಹೊತ್ತಿಕೊಂಡಿತ್ತು. ಆ ಮರದಿಂದ ಹತ್ತಿಪ್ಪತ್ತು ಹೆಜ್ಜೆ ಆಚೆ, ಮಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ಮಿಸ್ ಮಂಡಿಯೂರಿ ಕೂತಿದ್ದರು. ಹುಣಸೆಮರದ ಕೆಳಗೆ ನಿಂತಿದ್ದವಳನ್ನು ಎಳೆದುಕೊಂಡು ಬರುತ್ತಿದ್ದರಂತೆ. ಮಗಳಿಗೆ ಏನೂ ಆಗಿರಲಿಲ್ಲ. ನಾನು ಏನೇನೋ ಹೇಳುತ್ತಿದ್ದೆ. ಅವರು ಸುಮ್ಮನೆ ನನ್ನ ತುಟಿಯನ್ನೇ ನೋಡುತ್ತಿದ್ದರು.

ಮಿಸ್ಸಿಗೆ ಎಡಗಿವಿ ಮತ್ತೆ ಕೇಳಿಸಲಿಲ್ಲ. ಟಿ. ನರಸೀಪುರದ ಡಾಕ್ಟರು ಕಿವಿಯ ತಮಟೆ ಹರಿದಿದೆ ಎಂದರಂತೆ.

ಮುಂದಿನ ವಾರ ನಮ್ಮ ಅರ್ಜಿಯ ವಿಚಾರಣೆ ನಡೆಯಿತು. ಮೇಲ್ವಿಚಾರಕಿ ಕೇಳುತ್ತಿದ್ದ ಒಂದೊಂದು ಪ್ರಶ್ನೆಗೂ ಮಿಸ್ ಬಲಗಿವಿ ಮುಂದೆ ಮಾಡಿ, "ಇನ್ನೊಂದ್ಸಲ ಹೇಳಿ ಮೇಡಂ" ಎನ್ನುತ್ತಿದ್ದರು. ಮಗು ಹೊರಗೆ ಹೇಗೆ ಹೋಯಿತು ಎಂದು ಕೇಳಿದಾಗ, "ನನ್ನ ಗಮನ ತಪ್ತು" ಎಂದುಬಿಟ್ಟರು. ನಾನು ಗೋಡೆಗೆ ಒರಗಿ ಕೂತಿದ್ದೆ. ಎದ್ದು ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ... ಎರಡು ತಿಂಗಳಲ್ಲಿ ಅವರನ್ನು ಚಿಕ್ಕಯ್ಯನಛತ್ರದ ಕಡೆ ಹಾಕಿದರು. ಹೊರಟ ದಿನ ನಾನು ಮನೆಯಿಂದ ಆಚೆ ಬರಲಿಲ್ಲ.

ಹೋದ ವರ್ಷ ಅವರು ಕಾಯಿಲೆಯಿಂದ ತೀರಿಕೊಂಡರೆಂದು ತಡವಾಗಿ ಗೊತ್ತಾಯಿತು. ವಿಳಾಸ ಕೇಳಿಕೊಂಡು ಚಿಕ್ಕಯ್ಯನಛತ್ರಕ್ಕೆ ಹೋದೆ. ಅವರ ಯಜಮಾನರು ಜಗಲಿಯಲ್ಲಿ ಕೂತಿದ್ದರು. ಸೋಸಲೆ ಕಡೆಯವಳು, ಮಿಸ್ ಪರಿಚಯ ಎಂದೆ.

"ಅಲ್ಲೇ ಕಣವ್ವ ಅವ್ಳ ಕಿವಿ ಓಗಿದ್ದು. ಯಾವ್ದೋ ಮಗೀನ ಕರ್ಕಂಡ್ ಬರೋವಾಗ ಸಿಡ್ಲು ಒಡೀತಂತೆ. ಬ್ಯಾಸ್ಗೆ ಬಂದ್ರೆ ಸಾಕು, ಆ ಮಗು ಈಗ ಎಷ್ಟುದ್ದ ಬೆಳ್ದಿದ್ದದೋ ಅಂತಿದ್ಲು."

ಅರ್ಜಿಯ ವಿಷಯ ಅವರಿಗೆ ಗೊತ್ತೇ ಇರಲಿಲ್ಲ. ಆ ಮಗು ನನ್ನದೇ ಎನ್ನಲು ಬಾಯಿ ತೆರೆದೆ. ಅದನ್ನು ಹೇಳಿದರೆ ಉಳಿದದ್ದನ್ನೂ ಹೇಳಬೇಕಿತ್ತು. ಅವರು ಕೊಟ್ಟ ನೀರು ಕುಡಿದು ಬಂದುಬಿಟ್ಟೆ.

ಈಗ ಮಗಳು ಮೈಸೂರಿನಲ್ಲಿ ಪಿಯುಸಿ. ಇವತ್ತೂ ಮಧ್ಯಾಹ್ನದಿಂದ ಗಾಳಿಯಿಲ್ಲ, ಪಡುವಣ ಕಪ್ಪಾಗುತ್ತಿದೆ. ಬಸ್ಸು ತಾಂಡವಪುರ ದಾಟಿದೆ ಅಮ್ಮ ಎಂದು ಫೋನ್ ಮಾಡಿ ಅರ್ಧ ಗಂಟೆಯಾಯಿತು. ಬಸ್‌ಸ್ಟ್ಯಾಂಡಿನಿಂದ ಮನೆಗೆ ಹತ್ತು ನಿಮಿಷದ ನಡಿಗೆ. ಅವಳು ಯಾವ ಮರದಡಿಯೂ ನಿಲ್ಲುವುದಿಲ್ಲವೆಂದು ಗೊತ್ತು. ಆದರೂ ಬಾಗಿಲಲ್ಲೇ ನಿಂತಿದ್ದೇನೆ. ಎಷ್ಟುದ್ದ ಬೆಳೆದಿದ್ದಾಳೆಂದು ಮಿಸ್ಸಿಗೆ ಒಂದು ಸಲ ಕರೆದುಕೊಂಡು ಹೋಗಿ ತೋರಿಸಬಹುದಿತ್ತು. ಇಲ್ಲಿಂದ ಚಿಕ್ಕಯ್ಯನಛತ್ರಕ್ಕೆ ಒಂದೇ ಬಸ್ಸು.